ಕಲ್ಲು ಓದೋದು ಹೇಗೆ? ಮಾಗಡಿಯಿಂದ ಕಬ್ಬಾಳದವರೆಗೆ ಮೂರು ಭಾನುವಾರದ ಪಾಠ

ಕಳೆದ ಸೆಮಿಸ್ಟರ್ ರಜೆಯಲ್ಲಿ ನಮ್ಮ ಸೀನಿಯರ್ ಒಬ್ಬರು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಹೋಗಿ ಬಂದು, ಕ್ನೋಸೋಸ್ ಅರಮನೆಯ ಫೋಟೋಗಳನ್ನು ಸಂಘದ ಗ್ರೂಪಿಗೆ ಹಾಕಿದರು. ಕೆಂಪು ಕಂಬಗಳು, ಕಲ್ಲಿನ ಮೆಟ್ಟಿಲುಗಳು, ಹಿಂದೆ ಗುಡ್ಡ. ನಾವೆಲ್ಲ ಹಾರ್ಟ್ ಒತ್ತಿದ್ದೇ ಒತ್ತಿದ್ದು. ಆಗ ಮಾಗಡಿ ಕಡೆಯ ನಮ್ಮ ಗೆಳೆಯ ಒಂದೇ ಒಂದು ಮೆಸೇಜ್ ಹಾಕಿದ: "ಸಾವನದುರ್ಗಕ್ಕೆ ಎಷ್ಟು ಜನ ಹೋಗಿದ್ದೀರ? ಅಲ್ಲಿ ಕೋಟೆ ಎಲ್ಲಿತ್ತು ಅಂತ ಯಾರಾದ್ರೂ ಹೇಳ್ತೀರಾ?"

ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಹೋಗಿದ್ದೆವು. ಬೆಟ್ಟ ಹತ್ತಿದ್ದು ನೆನಪಿದೆ, ಸುಸ್ತಾಗಿದ್ದು ನೆನಪಿದೆ, ಮೇಲೆ ನಂದಿ ಹತ್ತಿರ ಸೆಲ್ಫಿ ತೆಗೆದದ್ದು ನೆನಪಿದೆ. ಕೋಟೆ ಮಾತ್ರ ಒಬ್ಬರಿಗೂ ನೆನಪಿಲ್ಲ. ಅದರ ಗೋಡೆ ದಾಟಿಯೇ ಮೇಲೆ ಹೋಗಿದ್ದೆವು!

ಈ ನಾಚಿಕೆಯಿಂದ ಹುಟ್ಟಿದ್ದು ಈ ಲೇಖನ. ಮೂರು ಭಾನುವಾರ ರಾಮನಗರ, ಮಾಗಡಿ, ಚನ್ನಪಟ್ಟಣ, ಕನಕಪುರ ಸುತ್ತಿದೆವು. ಓದಿದ್ದನ್ನೂ ನೋಡಿದ್ದನ್ನೂ ಸೇರಿಸಿ, ಇಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಪಾಳು ಕೋಟೆಯನ್ನು ಹೇಗೆ ನೋಡಬಹುದು ಅನ್ನೋದನ್ನ ಪಾಠದ ಥರ ಬರೆಯುತ್ತಿದ್ದೇವೆ. ಮಧ್ಯೆ ನಾವು ಮಾಡಿದ ಒಂದು ತಪ್ಪೂ ಇದೆ. ಅದನ್ನೂ ಮುಚ್ಚಿಡದೆ ಬರೆದಿದ್ದೇವೆ.

1. ಮೊದಲು ಬಂಡೆ

ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು ಮೈಸೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಎರಡೂ ಕಡೆ ಬೋಳು ಬಂಡೆಗಳ ಬೆಟ್ಟ ಶುರುವಾಗುತ್ತವೆ. 1975ರ 'ಶೋಲೆ' ಸಿನಿಮಾದಿಂದ ಇಡೀ ದೇಶಕ್ಕೆ ಗೊತ್ತಾದ ಬೆಟ್ಟಗಳು ಇವೇ. 1984ರಲ್ಲಿ ಬಂದ ಡೇವಿಡ್ ಲೀನ್ ನಿರ್ದೇಶನದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಯ ದೃಶ್ಯಗಳಿಗೂ ಈ ಸೀಮೆಯ ಬಂಡೆಗಳನ್ನೇ ಬಳಸಿಕೊಂಡರು.

ಭೂವಿಜ್ಞಾನಿಗಳಿಗೆ ಇದು ಇನ್ನೂ ದೊಡ್ಡ ಹೆಸರು. ಈ ಕಲ್ಲಿಗೆ ಪ್ರಪಂಚದ ಪುಸ್ತಕಗಳಲ್ಲಿರುವ ಹೆಸರು 'ಕ್ಲೋಸ್‌ಪೇಟೆ ಗ್ರಾನೈಟ್'. ಕ್ಲೋಸ್‌ಪೇಟೆ ಅಂದರೆ ನಮ್ಮ ರಾಮನಗರವೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಸರ್ ಬ್ಯಾರಿ ಕ್ಲೋಸ್ ಹೆಸರಿನಿಂದ ಊರಿಗೆ ಆ ಹೆಸರು ಬಂದಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಹಾಗೇ ಉಳಿಯಿತು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದದ ಪಟ್ಟಿಯಾಗಿ ಕರ್ನಾಟಕವನ್ನು ಸೀಳಿಕೊಂಡು ಹೋಗಿದೆ.

ಕೋಟೆ ನೋಡೋಕೆ ಹೋಗಿ ಕಲ್ಲಿನ ವಯಸ್ಸು ಯಾಕಪ್ಪಾ ಅಂದ್ರೆ, ಕೋಟೆ ಕಟ್ಟಿದವರಿಗೆ ಕಲ್ಲಿನ ಸ್ವಭಾವ ಗೊತ್ತಿತ್ತು. ನೆಲದಾಳದಲ್ಲಿ ಹುಟ್ಟಿದ ಗ್ರಾನೈಟ್ ಮೇಲಿನ ಭಾರ ಸವೆದಂತೆ ಹಿಗ್ಗುತ್ತದೆ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆದ್ದರಿಂದಲೇ ಈ ಬೆಟ್ಟಗಳು ಇಷ್ಟು ದುಂಡಗೆ, ನುಣ್ಣಗೆ ಕಾಣೋದು. ಸಡಿಲವಾದ ಪದರ ಎಬ್ಬಿಸಿದರೆ ಚಪ್ಪಡಿ ಸಿಕ್ಕಿತು. ಮೇಲೆ ಕಟ್ಟೋದಕ್ಕೆ ಬೇಕಾದ ಕಲ್ಲನ್ನು ಮೇಲೆಯೇ ತೆಗೆಯಬಹುದು, ಕೆಳಗಿನಿಂದ ಹೊರಬೇಕಾಗಿಲ್ಲ.

2. ಗೋಡೆ ಇಲ್ಲದ ಕಡೆಯೂ ಕೋಟೆ ಇದೆ

ಸಾವನದುರ್ಗ ಸಮುದ್ರ ಮಟ್ಟದಿಂದ 1226 ಮೀಟರ್ ಎತ್ತರ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಎರಡು ನೆತ್ತಿ, ಒಂದು ಕರಿಗುಡ್ಡ, ಇನ್ನೊಂದು ಬಿಳಿಗುಡ್ಡ. ನಡುವೆ ಕಂದರ. ತಪ್ಪಲಿನಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಸ್ಥಾನಗಳು. ಹೊಯ್ಸಳರ ಮೂರನೇ ಬಲ್ಲಾಳನ ಕಾಲದ, 1340ರ ಶಾಸನವೊಂದರಲ್ಲಿ ಈ ಜಾಗ 'ಸಾವಂದಿ' ಎಂಬ ಹೆಸರಿನಲ್ಲಿ ಬರುತ್ತದೆ.

ಮೊದಲ ಸಲ ನಮಗೆ ಕೋಟೆ ಯಾಕೆ ಕಾಣಲಿಲ್ಲ? ಕೋಟೆ ಅಂದರೆ ಸುತ್ತಲೂ ಗೋಡೆ ಅಂತ ನಮ್ಮ ತಲೆಯಲ್ಲಿತ್ತು. ಇಲ್ಲಿ ಗೋಡೆಯ ಬಹುಪಾಲು ಕೆಲಸವನ್ನು ಬಂಡೆಯೇ ಮಾಡಿದೆ. ಮನುಷ್ಯ ಹತ್ತಲಾಗದಷ್ಟು ಕಡಿದಾದ ಕಡೆ ಕಟ್ಟುವ ಅಗತ್ಯವೇ ಇಲ್ಲ. ಹತ್ತಬಹುದಾದ ಸಂದುಗಳಲ್ಲಿ ಮಾತ್ರ ಕಲ್ಲು ಪೇರಿಸಿ ಮುಚ್ಚಿದ್ದಾರೆ. ಹಾಗಾಗಿ ಬೆಟ್ಟದ ಕೋಟೆಯಲ್ಲಿ ಗೋಡೆ ತುಂಡು ತುಂಡಾಗಿರುವುದೆಲ್ಲ 'ಬಿದ್ದುಹೋಗಿರೋದು' ಅಂತ ಅಂದುಕೊಳ್ಳಬೇಡಿ. ಗೋಡೆ ಮುಗಿಯುವ ಕಡೆ ನಿಂತು ಕೆಳಗೆ ನೋಡಿ. ಬಂಡೆ ಅಲ್ಲಿಂದ ಕಡಿದಾಗಿ ಇಳಿದಿದ್ದರೆ ಗೋಡೆ ಅಲ್ಲಿಗೇ ಮುಗಿದಿತ್ತು ಅಂತ ಅರ್ಥ. ಮೆಟೀರಿಯಲ್ ಉಳಿಸೋದು ಅಂದರೆ ಇದು.

ಇನ್ನು ಗೋಡೆಯ ಒಳಗೆ ಏನಿದೆ? ಕುಸಿದ ಒಂದು ಜಾಗದಲ್ಲಿ ಅಡ್ಡಕೊಯ್ತ ನೋಡಿದ ಹಾಗೆ ಕಾಣುತ್ತದೆ. ಹೊರಗೆ ಒಂದು ಸಾಲು ದೊಡ್ಡ ಕಲ್ಲು, ಒಳಗೆ ಒಂದು ಸಾಲು, ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿದ್ದಾರೆ. ಇಂಥ ಗೋಡೆಗೆ ಶತ್ರು ನೀರು. ನೆತ್ತಿಯ ಹೊದಿಕೆ ಕಲ್ಲು ಕಿತ್ತುಹೋದರೆ ಮಳೆನೀರು ನೇರ ಒಳಗಿನ ಮಣ್ಣಿಗೆ ಇಳಿಯುತ್ತದೆ. ಮಣ್ಣು ನೆನೆದು ಭಾರವಾಗಿ ಹೊರಗಿನ ಸಾಲನ್ನು ತಳ್ಳುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ಆಮೇಲೆ ಹಕ್ಕಿ ಹಾಕಿದ ಅರಳಿ, ಅತ್ತಿ ಬೀಜ ಆ ಸಂದಿನಲ್ಲೇ ಮೊಳೆತು ಬೇರು ಬಿಟ್ಟು ಬಾಕಿ ಕೆಲಸ ಮುಗಿಸುತ್ತದೆ. ರಿಟೇನಿಂಗ್ ವಾಲ್‌ಗೆ ವೀಪ್ ಹೋಲ್ ಯಾಕೆ ಬಿಡಬೇಕು ಅಂತ ಸಿವಿಲ್ ಬ್ರಾಂಚಿನವರು ಪರೀಕ್ಷೆಯಲ್ಲಿ ಬರೀತೀರಲ್ಲ, ಅದರ ಉತ್ತರ ಇಲ್ಲಿ ಕಣ್ಣೆದುರಿಗೇ ಇದೆ.

3. ನೀರಿನ ಲೆಕ್ಕ

ಬೆಟ್ಟದ ಮೇಲೆ ಸೈನ್ಯ ಇಡಬೇಕಾದರೆ ಮೊದಲ ಪ್ರಶ್ನೆ ಗೋಡೆಯದಲ್ಲ, ನೀರಿನದು. ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲುವ ಜಾಗಕ್ಕೆ ನಮ್ಮ ಕಡೆ 'ದೊಣೆ' ಅಂತಾರೆ. ಗ್ರಾನೈಟ್ ನೀರು ಹೀರುವುದು ತೀರಾ ಕಡಿಮೆ. ಹಾಗಾಗಿ ಬೋಳು ಬಂಡೆ ಅಂದರೆ ಒಂದು ದೊಡ್ಡ ಮನೆಯ ಸೂರಿದ್ದಂತೆ, ದೊಣೆ ಅದರ ಸಂಪು.

ಒಂದು ಸಣ್ಣ ಲೆಕ್ಕ ಹಾಕೋಣ. 1000 ಚದರ ಮೀಟರ್ ಬಂಡೆಯ ನೀರು ಒಂದು ದೊಣೆಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ವರ್ಷದ ಮಳೆ 800 ಮಿ.ಮೀ., ಅದರಲ್ಲಿ ಶೇ. 80 ಹರಿದು ಬರುತ್ತದೆ ಎಂದು ಹಿಡಿದರೆ 640 ಘನ ಮೀಟರ್, ಅಂದರೆ 6,40,000 ಲೀಟರ್. ಬಿಸಿಲಿಗೆ ಅರ್ಧ ಆವಿಯಾಯಿತು ಅಂದರೂ 3,20,000 ಲೀಟರ್ ಉಳಿಯಿತು. ಒಬ್ಬರಿಗೆ ದಿನಕ್ಕೆ 5 ಲೀಟರಿನಂತೆ 200 ಜನರಿಗೆ ದಿನಕ್ಕೆ 1000 ಲೀಟರ್ ಬೇಕು. ಅಂದರೆ 320 ದಿನ. ದೊಣೆ ಅಷ್ಟನ್ನೂ ಹಿಡಿಯುವಷ್ಟು ದೊಡ್ಡದಿರಬೇಕು, ಅದು ಬೇರೆ ಮಾತು. ಆದರೆ ಕಾಲು ಎಕರೆಯಷ್ಟು ಬಂಡೆ ಒಂದು ಸಣ್ಣ ಪಡೆಗೆ ಹೆಚ್ಚುಕಡಿಮೆ ವರ್ಷದ ಕುಡಿಯುವ ನೀರು ಕೊಡಬಲ್ಲದು. ನಾವು ಟ್ರೆಕ್ಕಿಂಗ್ ಹೋದಾಗ ತಲಾ ಎರಡು ಬಾಟಲಿ ಹೊತ್ತು ಹೋಗಿ, ಖಾಲಿ ಬಾಟಲಿಯನ್ನ ಅದೇ ದೊಣೆಗೆ ಎಸೆದು ಬರ್ತೀವಿ!

4. ಡಿಸೆಂಬರ್ 1791

ಇಷ್ಟೆಲ್ಲ ಗಟ್ಟಿಯಾದ ಕೋಟೆ ಬಿದ್ದದ್ದು ಹೇಗೆ? ಮೂರನೇ ಮೈಸೂರು ಯುದ್ಧ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದಿದ್ದ. ಮುಂದಿನ ಗುರಿ ಶ್ರೀರಂಗಪಟ್ಟಣ. ಆದರೆ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಸಾವನದುರ್ಗ, ರಾಮಗಿರಿ, ಹುತ್ರಿದುರ್ಗ ಎಲ್ಲ ಟಿಪ್ಪುವಿನ ಕೈಯಲ್ಲಿದ್ದವು. ಮುಂದೆ ಹೋದ ಸೈನ್ಯಕ್ಕೆ ಹಿಂದಿನಿಂದ ಅಕ್ಕಿ, ಮದ್ದು ಬರಬೇಕಲ್ಲ? ಬೆಟ್ಟದ ಮೇಲಿನ ಪಡೆ ಯಾವಾಗ ಬೇಕಾದರೂ ಇಳಿದು ದಾರಿ ಕಡಿಯಬಹುದಿತ್ತು. ಆದ್ದರಿಂದ ಮೊದಲು ಈ ದುರ್ಗಗಳನ್ನು ಹಿಡಿಯಬೇಕಾಯಿತು.

ದುರ್ಗದ ಸುತ್ತ ದಟ್ಟ ಕಾಡು, ಜ್ವರ. ಕೋಟೆಯ ನಂಬಿಕೆ ಗೋಡೆಯ ಮೇಲೆ ಎಷ್ಟಿತ್ತೋ ಆ ಕಾಡಿನ ಮೇಲೂ ಅಷ್ಟೇ ಇತ್ತು. ಬ್ರಿಟಿಷರು ಕಾಡು ಕಡಿದು ಫಿರಂಗಿ ಎಳೆಯಲು ದಾರಿ ಮಾಡಿದರು. ಡಿಸೆಂಬರ್ 17ಕ್ಕೆ ಫಿರಂಗಿ ಹಾರಿಸಲು ಶುರು ಮಾಡಿ, ಗೋಡೆಯಲ್ಲಿ ಬಿರುಕು ಬಿಡಿಸಿ, 21ರಂದು ನುಗ್ಗಿ ಹಿಡಿದರು. ರಾಮಗಿರಿ, ಹುತ್ರಿದುರ್ಗಗಳೂ ಅದೇ ತಿಂಗಳು ಬಿದ್ದವು. ಬ್ರಿಟಿಷರ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಈ ಸೀಮೆಯ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಬಂದವು.

ಪಾಠ ಏನು? ಯಾವ ಕಟ್ಟಡವನ್ನೂ ಒಂದು 'ಲೋಡ್' ಊಹಿಸಿಯೇ ಕಟ್ಟಿರುತ್ತಾರೆ. ಏಣಿ, ಆನೆ, ಹಗ್ಗ ಹಿಡಿದು ಬರುವವರಿಗೆ ಈ ಕೋಟೆ ಸಾಕಾಗಿತ್ತು. ಭಾರಿ ಫಿರಂಗಿ ಹತ್ತಿರಕ್ಕೆ ಬಂದಾಗ ಬಂಡೆ ನಿಂತಿತು, ನಡುವೆ ಕಟ್ಟಿದ ಗೋಡೆ ನಿಲ್ಲಲಿಲ್ಲ.

5. ನಾವು ಮಾಡಿದ ತಪ್ಪು

ಇಷ್ಟು ಪಾಠ ಕಲಿತ ಅದೇ ಭಾನುವಾರ, ಇಳಿಯುವಾಗ, ನಮ್ಮಲ್ಲೊಬ್ಬರು ಗೋಡೆಯ ಮೇಲೆ ಚೂಪು ಕಲ್ಲಿನಿಂದ ನಮ್ಮ ಸಂಘದ ಹೆಸರು, ಬ್ಯಾಚಿನ ವರ್ಷ ಗೀಚಿದರು. ಯಾರು ಅಂತ ಬರೆಯಲ್ಲ. ಯಾಕಂದ್ರೆ ಉಳಿದ ಹದಿಮೂರು ಜನ ಸುತ್ತ ನಿಂತು ನಗುತ್ತಿದ್ದೆವು, ಒಬ್ಬರು ವಿಡಿಯೋ ಕೂಡ ಮಾಡಿದರು. ಗೀಚಿದ್ದು ನಾವು ಎಲ್ಲರೂ.

ಮೇಕೆ ಮೇಯಿಸಿಕೊಂಡು ಬರುತ್ತಿದ್ದ ಒಬ್ಬ ತಾತ ನಿಂತು ನೋಡಿದರು.

"ಏನ್ ಮಗ, ಏನ್ ಗೀಚ್ತಿದ್ದೀಯ?"

"ಏನಿಲ್ಲ ತಾತ, ಸುಮ್ನೆ ಹೆಸ್ರು."

"ನಿಮ್ಮನೆ ಗೋಡೆ ಮ್ಯಾಲೂ ಹಿಂಗೇ ಗೀಚ್ತೀಯ?"

ನಾವು ಮಾತಾಡಲಿಲ್ಲ. ತಾತ ಬೈಯಲೂ ಇಲ್ಲ. "ಕಲ್ಲಿಗೆ ಒಂದ್ ಕಿತ ಗಾಯ ಆದ್ರೆ ಮಾಯಾಕಿಲ್ಲ ಕಣ್ರಪ್ಪ" ಅಂದು ಮೇಕೆ ಹಿಂದೆ ಹೋದರು.

ನೀರು ಹಾಕಿ ಉಜ್ಜಿದೆವು, ಹೋಗಲಿಲ್ಲ. 'ಇನ್ನೊಂದು ಕಲ್ಲಲ್ಲಿ ತಿಕ್ಕಿ ಅಳಿಸೋಣ' ಅಂತ ಒಬ್ಬರು, 'ಮಣ್ಣು ಬಳಿಯೋಣ' ಅಂತ ಇನ್ನೊಬ್ಬರು. ತಿಕ್ಕಿದರೆ ಗಾಯ ಇನ್ನೂ ದೊಡ್ಡದಾಗುತ್ತಿತ್ತು. ಮಳೆ ಬಿಸಿಲು ತಿಂದು ಕಂದಾದ ಕಲ್ಲಿನ ಮೇಲ್ಮೈ ಒಮ್ಮೆ ಹೋದರೆ ಅದೇ ಬಣ್ಣ ಬರಲು ತಲೆಮಾರುಗಳೇ ಬೇಕು. ಹಾಗೇ ಬಿಟ್ಟು ಬಂದೆವು. ಈಗಲೂ ಅದು ಅಲ್ಲೇ ಇದೆ.

ಅದು ಎಷ್ಟು ದೊಡ್ಡ ತಪ್ಪು ಅಂತ ನಿಜವಾಗಿ ಅರ್ಥವಾದದ್ದು ಮುಂದಿನ ಭಾನುವಾರ, ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ.

6. ಕೆಲವೇ ಸಾಲು ಬರಹದ ಬೆಲೆ

ಮಾಗಡಿಗೂ ಬೆಂಗಳೂರಿಗೂ ನಂಟು ಗೊತ್ತಲ್ಲ. 1537ರಲ್ಲಿ ಬೆಂಗಳೂರು ಕಟ್ಟಿಸಿದ ಹಿರಿಯ ಕೆಂಪೇಗೌಡರ ಮನೆತನ, 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನಿಗೆ ಬೆಂಗಳೂರು ಬಿಟ್ಟುಕೊಟ್ಟ ಮೇಲೆ ಮಾಗಡಿಯಿಂದ ಆಳಿತು. 1728ರಲ್ಲಿ ಮೈಸೂರಿನವರು ಮಾಗಡಿ ಹಿಡಿಯುವವರೆಗೂ ಇಲ್ಲಿ, ಸಾವನದುರ್ಗದಲ್ಲಿ ಅವರದೇ ಆಳ್ವಿಕೆ. ಊರಿನ ಕೋಟೆ, ಸೋಮೇಶ್ವರ ದೇವಸ್ಥಾನ ನೋಡಿಕೊಂಡು ನಾವು ಕೆಂಪಾಪುರಕ್ಕೆ ಹೋದೆವು.

ಬೆಂಗಳೂರಿನಲ್ಲಿ ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣ ಇದೆ, ಬಸ್ ನಿಲ್ದಾಣ ಇದೆ, ರಸ್ತೆ ಇದೆ. ಆದರೆ ಅವರ ಸಮಾಧಿ ಎಲ್ಲಿದೆ ಅನ್ನೋದು ತೀರಾ ಈಚಿನವರೆಗೆ ಹೊರಗಿನವರಿಗೆ ಗೊತ್ತಿರಲಿಲ್ಲ. ಕೆಂಪಾಪುರದಲ್ಲಿರುವ ಗೋಪುರದಂಥ ಸಣ್ಣ ಕಟ್ಟಡ ಅವರ ಸಮಾಧಿ ಎಂಬುದು ಬೆಳಕಿಗೆ ಬಂದದ್ದು 2015ರಲ್ಲಿ. ಹೇಗೆ? ಅದರ ಮೇಲಿದ್ದ ಕೆಲವೇ ಸಾಲಿನ ಕನ್ನಡ ಬರಹವನ್ನು ಓದಿದ್ದರಿಂದ.

ಅಲ್ಲಿ ನಿಂತಾಗ ನಮ್ಮೆಲ್ಲರಿಗೂ ಒಂದೇ ಯೋಚನೆ ಬಂತು. ಆ ಸಾಲುಗಳ ಮೇಲೆ ಯಾರಾದರೂ ಹುಡುಗರು ತಮ್ಮ ಹೆಸರು, ಒಂದು ಹಾರ್ಟು, ಒಂದು ಬಾಣ ಗೀಚಿದ್ದರೆ? ಯಾರಾದರೂ 'ಚೆಂದ ಮಾಡೋಣ' ಅಂತ ದಪ್ಪಗೆ ಆಯಿಲ್ ಪೇಂಟ್ ಬಳಿದಿದ್ದರೆ? ಇಷ್ಟು ದೊಡ್ಡ ಊರು ಕಟ್ಟಿದವರ ಗುರುತು ಆ ಕೆಲವು ಅಕ್ಷರಗಳ ಮೇಲೆ ನಿಂತಿತ್ತು. ಮಾಸಿದ ಅಕ್ಷರ ಬರಿಗಣ್ಣಿಗೆ ಕಾಣಲ್ಲ. ಸಾವನದುರ್ಗದ ಗೋಡೆಯಲ್ಲಿ ನಾವು ಗೀಚಿದ ಜಾಗದಲ್ಲಿ ಏನಾದರೂ ಇತ್ತಾ? ಇರಲಿಲ್ಲ ಅಂತ ನಾವು ಹೇಳಲಾರೆವು, ಯಾಕಂದ್ರೆ ಗೀಚುವ ಮೊದಲು ನಾವು ನೋಡೇ ಇರಲಿಲ್ಲ.

ಬ್ಯಾಟರಿಯನ್ನು ಕಲ್ಲಿಗೆ ಅಡ್ಡಲಾಗಿ, ಮೇಲ್ಮೈಗೆ ತಾಗಿದಂತೆ ಹಿಡಿದರೆ ಸವೆದ ಅಕ್ಷರದ ನೆರಳು ಎದ್ದು ಬರುತ್ತದೆ. ಮೊಬೈಲ್ ಟಾರ್ಚೇ ಸಾಕು. ಸೀಮೆಸುಣ್ಣ, ಅರಿಶಿನ, ಹಿಟ್ಟು ಏನನ್ನೂ ಕಲ್ಲಿಗೆ ಹಚ್ಚಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸ ಮಾಡುತ್ತಿದ್ದಾರೆ. ಕಂಪ್ಯೂಟರ್ ಸೈನ್ಸ್ ಗೆಳೆಯರೇ, ಇಮೇಜ್ ಪ್ರೊಸೆಸಿಂಗ್ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿದ್ದೀರಲ್ಲ, ಇಲ್ಲಿದೆ ನೋಡಿ.

7. ಚನ್ನಪಟ್ಟಣ, ಕನಕಪುರ: ಕೋಟೆ ಮಾಯವಾಗುವ ಬಗೆ

ಮೂರನೇ ಭಾನುವಾರ ಚನ್ನಪಟ್ಟಣ. ಬೊಂಬೆಯಿಂದ ಹೆಸರಾದ ಈ ಊರು ಒಂದು ಕಾಲಕ್ಕೆ ವಿಜಯನಗರದ ಅರಸರ ಕಡೆಯ ಜಗದೇವರಾಯನ ರಾಜಧಾನಿ. 1630ರಲ್ಲಿ ಮೈಸೂರಿನ ಒಡೆಯರ ಕೈಸೇರಿತು. ಆ ವೈಭವದ ಕೋಟೆಯನ್ನು ಈಗ ಊರ ನಡುವೆ ಹುಡುಕಬೇಕು. ಬಯಲು ಸೀಮೆಯ ಕೋಟೆಯ ಗತಿಯೇ ಹಾಗೆ: ಊರು ಬೆಳೆದಂತೆ ಕಂದಕ ಮುಚ್ಚುತ್ತದೆ, ಕಟ್ಟಿದ ಕಲ್ಲು ಇನ್ನೊಂದು ಮನೆಯ ಪಾಯ ಸೇರುತ್ತದೆ. ಪಕ್ಕದ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನ ಅದಕ್ಕಿಂತ ಎಷ್ಟೋ ಹಳೆಯದು, ಆದರೂ ಗಟ್ಟಿಯಾಗಿ ನಿಂತಿದೆ. ಅಲ್ಲಿನ ಅಂಬೆಗಾಲು ಕೃಷ್ಣನ ಮುಂದೆ ಇವತ್ತಿಗೂ ಜನ ಮಕ್ಕಳಿಗಾಗಿ ಹರಕೆ ಹೊರುತ್ತಾರೆ. ಬಳಕೆಯಲ್ಲಿರುವ ಕಟ್ಟಡಕ್ಕೆ ದಿನಾ ನೋಡಿಕೊಳ್ಳುವವರು ಇರುತ್ತಾರೆ. ಕೆಲಸ ಮುಗಿದ ಕೋಟೆಗೆ ಯಾರೂ ಇರಲ್ಲ.

ಕನಕಪುರಕ್ಕೆ ಹಿಂದೆ ಕಾನಕಾನಹಳ್ಳಿ ಅಂತ ಹೆಸರು. ಇದೇ ತಾಲ್ಲೂಕಿನ ಕಬ್ಬಾಳದುರ್ಗ ಹೈದರ್, ಟಿಪ್ಪು ಕಾಲದಲ್ಲಿ ಸೆರೆಮನೆಯಾಗಿತ್ತು. ಈಗ ಜನ ಬರುವುದು ಬೆಟ್ಟದಡಿಯ ಕಬ್ಬಾಳಮ್ಮನ ದರ್ಶನಕ್ಕೆ. ಇನ್ನೊಂದು ಗುಂಪು ಬರುತ್ತದೆ: ಭೂವಿಜ್ಞಾನಿಗಳು. ಬೂದು ಬಣ್ಣದ ನೈಸ್ ಕಲ್ಲು ಕಡುಹಸಿರು ಬಣ್ಣದ ಚಾರ್ನೋಕೈಟ್ ಆಗಿ ಬದಲಾಗುತ್ತಿರುವುದು ಇಲ್ಲಿಯ ಕಲ್ಲುಕ್ವಾರಿಯಲ್ಲಿ ಕಣ್ಣಿಗೆ ಕಾಣುತ್ತದೆ. ಸಿ.ಎಸ್. ಪಿಚ್ಚಮುತ್ತು ಅವರು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದ ಮೇಲೆ ಕಬ್ಬಾಳದ ಹೆಸರು ಪ್ರಪಂಚದ ತರಗತಿಗಳಿಗೆ ಹೋಯಿತು.

ಈ ಸೀಮೆಯಲ್ಲಿ ಓಡಾಡುವಾಗ ಕಲ್ಲು ಒಡೆದ ಗುರುತು ಎಲ್ಲೆಲ್ಲೂ ಸಿಗುತ್ತದೆ. ಹಳೆಯದು ಯಾವುದು, ಹೊಸದು ಯಾವುದು? ಸುಲಭ. ಅಂಚಿನಲ್ಲಿ ಸಾಲಾಗಿ ಚೌಕಾಕಾರದ ಸಣ್ಣ ಗುಳಿಗಳಿದ್ದರೆ ಉಳಿಯಿಂದ ಕೆತ್ತಿ, ಬೆಣೆ ಬಡಿದು ಸೀಳಿದ್ದು. ಉದ್ದಕ್ಕೆ ಅರ್ಧ ಕೊಳವೆಯಂಥ ನುಣುಪು ಗೆರೆಗಳಿದ್ದರೆ ಯಂತ್ರದ ಡ್ರಿಲ್ ಹಾಕಿ ಸೀಳಿದ್ದು, ನಮ್ಮ ಕಾಲದ್ದು. ಒಂದು ಹಳೇ ಕಟ್ಟಡದ ಪಕ್ಕದ ಬಂಡೆಯಲ್ಲಿ ಎರಡನೇ ಥರದ ಗುರುತು ಕಂಡರೆ ಕ್ವಾರಿ ಎಷ್ಟು ಹತ್ತಿರ ಬಂದಿತ್ತು ಅಂತ ಗೊತ್ತಾಗುತ್ತದೆ. ಇನ್ನು ನಂದಿಯ ಕೆಳಗೆ, ಗರ್ಭಗುಡಿಯ ನಡುವೆ ಗುಂಡಿ ತೋಡಿದ್ದರೆ ಅದು ನಿಧಿ ಆಸೆಯವರ ಕೆಲಸ. ಕರ್ನಾಟಕದ ಎಷ್ಟೋ ಪಾಳು ಗುಡಿಗಳನ್ನು ಕೆಡವಿದ್ದು ಕಾಲ ಅಲ್ಲ, ಈ ಆಸೆ.

8. ಮತ್ತೆ ಕ್ನೋಸೋಸ್

ಸೀನಿಯರ್ ಕಳಿಸಿದ ಫೋಟೋಗಳಿಗೆ ವಾಪಸ್ ಬರೋಣ. ಆರ್ಥರ್ ಇವಾನ್ಸ್ 1900ರಲ್ಲಿ ಅಲ್ಲಿ ಉತ್ಖನನ ಶುರು ಮಾಡಿದ. ಆಮೇಲೆ ತನಗೆ ತೋಚಿದ ಹಾಗೆ ಕಂಬ, ಸೂರುಗಳನ್ನು ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಎಬ್ಬಿಸಿದ. ನಾವು ಹಾರ್ಟ್ ಒತ್ತಿದ ಆ ಕೆಂಪು ಕಂಬಗಳು ಇಪ್ಪತ್ತನೇ ಶತಮಾನದವು! ಅವು ಇಲ್ಲದಿದ್ದರೆ ನೋಡುವವರಿಗೆ ಏನೂ ಅರ್ಥವಾಗುತ್ತಿರಲಿಲ್ಲ ಅಂತ ಕೆಲವರು, ನಿಜವಾದ ಅರಮನೆ ಯಾವುದು, ಇವಾನ್ಸ್ ಕಲ್ಪನೆ ಯಾವುದು ಅಂತ ಬಿಡಿಸಲಾರದ ಹಾಗಾಯಿತು ಅಂತ ಇನ್ನು ಕೆಲವರು. ಈಗ ಆ ಕಾಂಕ್ರೀಟ್‌ ಕೂಡ ಹಾಳಾಗುತ್ತಿದೆ, ಅದನ್ನು ರಿಪೇರಿ ಮಾಡುವುದೇ ಒಂದು ಕೆಲಸವಾಗಿದೆ.

ನಮ್ಮ ಊರುಗಳಲ್ಲೂ ಇದು ನಡೆಯುತ್ತಲೇ ಇದೆ. ಹಳೇ ಗುಡಿಯ ಕಲ್ಲಿನ ಸಂದಿಗೆ ಸಿಮೆಂಟ್ ಮೆತ್ತುತ್ತಾರೆ, ಕಂಬಕ್ಕೆ ಪೇಂಟ್ ಹೊಡೆಯುತ್ತಾರೆ, ನೆಲಕ್ಕೆ ಟೈಲ್ಸ್ ಹಾಕುತ್ತಾರೆ. ಭಕ್ತಿಯಿಂದಲೇ ಮಾಡುತ್ತಾರೆ, ಕೆಟ್ಟ ಮನಸ್ಸು ಯಾರದೂ ಅಲ್ಲ. ಆದರೆ ಸುಣ್ಣದ ಗಾರೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ. ತೇವ ಇಟ್ಟಿಗೆಯನ್ನೋ ಹಳೇ ಗಾರೆಯನ್ನೋ ತಿನ್ನುತ್ತದೆ. ಗಟ್ಟಿ ವಸ್ತುವೇ ಒಳ್ಳೆಯ ವಸ್ತು ಅಂತ ನಮಗೆ ಲ್ಯಾಬಿನಲ್ಲಿ ಅನ್ನಿಸುತ್ತದೆ. ಹಳೇ ಕಟ್ಟಡದಲ್ಲಿ ಹೊಂದಿಕೊಳ್ಳುವ ವಸ್ತುವೇ ಒಳ್ಳೆಯದು. ನಾಳೆ ನಮ್ಮಲ್ಲೇ ಕೆಲವರು ಇಂಥ ಕೆಲಸದ ಎಸ್ಟಿಮೇಟಿಗೆ ಸಹಿ ಹಾಕುವವರು. ಅದಕ್ಕೇ ಇದನ್ನ ಬರೆದಿದ್ದು.

9. ಹೋಗುವವರಿಗೆ

- ಹೋಗುವ ಮುಂಚೆ ಜಾಗದ ಬಗ್ಗೆ ಒಂದು ಪುಟವಾದರೂ ಓದಿ. ಬೆಂಗಳೂರು ಜಿಲ್ಲೆಯ ಶಾಸನಗಳಿರುವ 'ಎಪಿಗ್ರಾಫಿಯಾ ಕರ್ನಾಟಿಕಾ' ಒಂಬತ್ತನೇ ಸಂಪುಟದಲ್ಲಿ ಮಾಗಡಿ, ಚನ್ನಪಟ್ಟಣ, ಕನಕಪುರದ ಶಾಸನಗಳೂ ಇವೆ.
- ವೀರಗಲ್ಲು ಕಂಡರೆ ಕೆಳಗಿನಿಂದ ಮೇಲಕ್ಕೆ ಓದಿ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಸಾಮಾನ್ಯವಾಗಿ ಲಿಂಗ, ಸೂರ್ಯ, ಚಂದ್ರ.
- ಮಳೆ ಬಂದಾಗ ಸಾವನದುರ್ಗ ಹತ್ತಬೇಡಿ. ನುಣುಪು ಬಂಡೆ, ಹಿಡಿಯೋಕೆ ಏನೂ ಇರಲ್ಲ. ಅರಣ್ಯ ಇಲಾಖೆಯ ಸಮಯ, ನಿಯಮ ಮೊದಲೇ ಕೇಳಿಕೊಳ್ಳಿ.
- ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ವನ್ಯಧಾಮ. ಸ್ಪೀಕರ್ ತರಬೇಡಿ, ಕೂಗಬೇಡಿ.
- ಬಿದ್ದಿರುವ ಕಲ್ಲು, ಮಡಕೆ ಚೂರು ಏನನ್ನೂ ಮನೆಗೆ ತರಬೇಡಿ. ಎಲ್ಲಿತ್ತು ಅನ್ನೋದೇ ಅದರ ಅರ್ಧ ಕಥೆ.
- ಗೀಚಬೇಡಿ. ಕೇಂದ್ರದ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೋರ್ಡ್ ಇಲ್ಲದ ಗೋಡೆಗೂ ಅದೇ ಗೌರವ ಇರಲಿ.

ನಮ್ಮ ಸಂಘ ಒಂದು ತೀರ್ಮಾನ ಮಾಡಿದೆ. ಇನ್ನು ಮುಂದೆ ಪ್ರತಿ ವರ್ಷ ಹೊಸಬರನ್ನು ಸಾವನದುರ್ಗಕ್ಕೆ ಕರೆದುಕೊಂಡು ಹೋಗುತ್ತೇವೆ. ಗೋಡೆ, ದೊಣೆ, ಬಾಗಿಲು ಎಲ್ಲ ತೋರಿಸಿ, ಕಡೆಗೆ ನಾವು ಗೀಚಿದ ಜಾಗವನ್ನೂ ತೋರಿಸುತ್ತೇವೆ. ಮುಜುಗರ ಆಗುತ್ತೆ, ಆದರೂ ತೋರಿಸ್ತೀವಿ. ಆ ತಾತ ಮತ್ತೆ ಸಿಕ್ಕರೆ ಅವರಿಂದಲೇ ಎರಡು ಮಾತು ಹೇಳಿಸಬೇಕು ಅಂತ ಆಸೆ.

ನಿಮ್ಮ ಊರಿನಲ್ಲೂ ಹೆಸರಿಲ್ಲದ ಒಂದು ಗೋಡೆ, ಹೊಲದ ಬದುವಿನಲ್ಲಿ ಒಂದು ವೀರಗಲ್ಲು, ಮುಚ್ಚಿಹೋದ ಒಂದು ಕಲ್ಯಾಣಿ ಇದ್ದೇ ಇರುತ್ತದೆ. ಈ ಸಲ ಊರಿಗೆ ಹೋದಾಗ ಅಜ್ಜಿ ತಾತನ್ನ ಕೇಳಿ, ಟೇಪ್ ಹಿಡಿದು ಅಳತೆ ತೆಗೆಯಿರಿ, ಫೋಟೋ ತೆಗೆಯಿರಿ, ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡೋಣ.